ಅಂಕಲ್ ಕೋವಿ, ಆಂಟಿಯ ಹೆಗಲು

ಮೊನ್ನೆ ಕಾರಿಗೆ ಹೊಸ ಮ್ಯಾಟ್ ತರಿಸಿದ್ದೆ. ಪ್ಯಾಕೆಟ್ ಒಡೆದ ಕೂಡಲೇ ಗರಾಜಿನ ತುಂಬ ಹೊಸ ರಬ್ಬರಿನ ವಾಸನೆ. ಅಮೆರಿಕದ ಅಟ್ಲಾಂಟಾ ಬಳಿಯ ಅಲ್ಫರೆಟಾದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಆಂಟಿಯ ಅಡುಗೆಮನೆ ಒಂದು ಬೇಸಿಗೆಯಿಡೀ ಹೀಗೇ ನಾರುತ್ತಿತ್ತು. ಮೇಜಿನ ಮೇಲೆ ಹಂದಿ ಮಾಂಸದ ಪಂದಿ ಕರಿಯ ಪಾತ್ರೆ, ಪಕ್ಕದಲ್ಲಿ ಅಂಗೈಯಗಲದ ರಬ್ಬರ್ ಪ್ಯಾಡುಗಳು, ಅದರಾಚೆ ಒಂದು ಬೇಟೆ ಕೋವಿ... ಮೈಸೂರಿನ ಪುಳಿಚಾರು ಮನೆಯಿಂದ ಬಂದ ನಾನು ಅವುಗಳೆದುರು ಕೂತು ಆರಾಮಾಗಿ ಕಾಫಿ ಕುಡಿಯುತ್ತಿದ್ದೆ.

ಆಂಟಿ ವಿರಾಜಪೇಟೆ ಕಡೆಯ ಕೊಡವರು. ಮಕ್ಕಳಿರಲಿಲ್ಲ. ಚಳಿಗಾಲ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ದಕ್ಷಿಣ ಜಾರ್ಜಿಯಾದಲ್ಲಿದ್ದ ಅಮೆರಿಕನ್ ಸ್ನೇಹಿತರೊಬ್ಬರ ಜಮೀನಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದರು. ಗುರಿಯಲ್ಲಿ ಆಂಟಿಯದೇ ಮೇಲುಗೈ ಎಂದು ಅಂಕಲ್ಲೇ ಹೇಳುತ್ತಿದ್ದರು. ಮದುವೆಗೆ ಮುಂಚೆ ಊರಿನ ಹಬ್ಬದಲ್ಲಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಗಂಡಸರ ಮುಖ ಸಣ್ಣದು ಮಾಡಿದವರಂತೆ.

2020ರ ಡಿಸೆಂಬರಿನಲ್ಲಿ ಅಂಕಲ್ ಕೋವಿಡ್‌ನಿಂದ ತೀರಿಕೊಂಡರು. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ಅಂಕಲ್‌ಗೆ ಅದಾಗಲಿಲ್ಲ. ಆಂಟಿಯ ಬಲ ಹೆಗಲಿಗೆ ಆಗಷ್ಟೇ ಆಪರೇಷನ್ ಆಗಿ, ಕೈ ಪಟ್ಟಿಯಲ್ಲಿ ತೂಗುತ್ತಿತ್ತು.

"ಅವರು ಸದ್ದಿಲ್ದೆ ಹೋಗ್ಬಿಟ್ರಮ್ಮ," ಎಂದರು ಒಂದು ದಿನ. "ವರ್ಷ ತುಂಬೋ ಹೊತ್ತಿಗೆ ಆ ಎರಡು ಗುಂಡು ನಾನೇ ಹೊಡೀತೀನಿ."

ಹೇಳಿದಷ್ಟು ಸುಲಭವಿರಲಿಲ್ಲ. ಕೋವಿಯ ಹಿಂಭಾಗದ ಮರ, ಅಂದರೆ ಹೆಗಲಿಗೊತ್ತಿ ಹಿಡಿಯುವ ಸ್ಟಾಕ್, ಆರಡಿ ಎತ್ತರದ ಅಂಕಲ್ ಮೈಗೆ ಹೇಳಿ ಮಾಡಿಸಿದಂತಿತ್ತು. ಅಷ್ಟು ವರ್ಷ ಆಂಟಿ ಕತ್ತು ಚಾಚಿಕೊಂಡು ಅದರಲ್ಲೇ ಸುಧಾರಿಸಿದ್ದರು. ಈಗ ಹೆಗಲು ಮಾತು ಕೇಳುತ್ತಿರಲಿಲ್ಲ. ಗುಂಡು ಹೊರಟಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಆ ಒದೆತ ತಡೆಯಲೆಂದೇ ಸ್ಟಾಕಿನ ತುದಿಗೆ ರಬ್ಬರ್ ಪ್ಯಾಡ್ ಹಾಕುತ್ತಾರೆ. ದಪ್ಪ ಪ್ಯಾಡ್ ಹಾಕಿದರೆ ಹೆಗಲಿಗೆ ಸುಖ, ಆದರೆ ಕೋವಿ ಇನ್ನಷ್ಟು ಉದ್ದವಾಗುತ್ತದೆ. ಮರ ಕತ್ತರಿಸಿದರಾಯಿತು ಎಂದ ಕೋವಿ ಅಂಗಡಿಯವನು. ಆಂಟಿ ಸುತಾರಾಂ ಒಪ್ಪಲಿಲ್ಲ. ಅಂಕಲ್ ಕೆನ್ನೆ ತಾಗಿ ತಾಗಿ ಒಂದು ಕಡೆ ಬಣ್ಣವೇ ಬೇರೆಯಾಗಿದ್ದ ಮರ ಅದು. ಅದನ್ನು ಬಿಚ್ಚಿಸಿ, ತಮ್ಮದೊಂದು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಎತ್ತಿಟ್ಟರು.

ಬೇರೆ ಸ್ಟಾಕ್ ಹುಡುಕುವ ಕೆಲಸ ಶುರುವಾಯಿತು. ಆಪರೇಷನ್ ಆದಮೇಲೆ ಆಂಟಿ ಡ್ರೈವ್ ಮಾಡುತ್ತಿರಲಿಲ್ಲ, ಹಾಗಾಗಿ ಶನಿವಾರಗಳಲ್ಲಿ ನಾನೇ ಸಾರಥಿ. "ದೇವಸ್ಥಾನಕ್ಕೆ ಕರೆದ್ರೆ ಸುಸ್ತು ಅಂತೀಯ, ಕೋವಿ ಅಂಗಡಿಗೆ ಮಾತ್ರ ರೆಡಿ," ಎಂದು ನನ್ನ ಗಂಡ ಕಾಡುತ್ತಿದ್ದರು. ನಿಜ ಹೇಳಬೇಕೆಂದರೆ ಆಂಟಿ ಆರಿಸುವುದನ್ನು ನೋಡುವುದೇ ಒಂದು ಸೊಗಸು. ಅತಿ ಮೆತ್ತನೆಯ ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಪಕ್ಕಕ್ಕಿಟ್ಟರು. "ಇದು ಪೂರ್ತಿ ಅಪ್ಪಚ್ಚಿಯಾದ್ರೆ ಆಮೇಲೆ ಬೀಳೋದು ಗಟ್ಟಿ ಪೆಟ್ಟೇ." ಬಿಗಿಯೂ ಅಲ್ಲದ, ಮೆತ್ತಗೂ ಅಲ್ಲದ ಒಂದನ್ನು ಮನೆಗೆ ತಂದು, ನಾಲ್ಕು ದಿನ ಒತ್ತಿ ನೋಡಿ, ವಾಪಸ್ ಮಾಡಿ, ಮತ್ತೊಂದು ತಂದರು. ಸ್ಟಾಕ್ ಕೊನೆಗೆ ಹಿಡಿಸಿದ್ದು ಹೈಸ್ಕೂಲ್ ಮಕ್ಕಳಿಗೆಂದು ಮಾಡಿದ ಗಿಡ್ಡ ಪ್ಲಾಸ್ಟಿಕ್ಕಿನದು. "ಮುದುಕಿಗೆ ಮೊಮ್ಮಕ್ಕಳ ಸೈಜು," ಎಂದು ನಕ್ಕರು.

ಎಡವಿದ್ದು ಒಂದೇ ಕಡೆ. ಅಳತೆ ನೋಡಿದ್ದು ಜುಲೈ ತಿಂಗಳಲ್ಲಿ, ತೆಳ್ಳನೆ ಕಾಟನ್ ಕುರ್ತಾದ ಮೇಲೆ. ಒಂದು ಸ್ವೆಟರಿನಲ್ಲಿ ಚಳಿಗಾಲ ಕಳೆದು ಬೆಳೆದವರು ನಾವು; ದಪ್ಪ ಜಾಕೆಟ್ಟಿನ ಯೋಚನೆ ನನಗಿರಲಿ, ಅಷ್ಟು ಚಳಿಗಾಲ ಬೇಟೆಯಾಡಿದ ಆಂಟಿಗೂ ಬರಲಿಲ್ಲ.

ಡಿಸೆಂಬರಿನಲ್ಲಿ, ಅವರು ಬೇಟೆಗೆ ಹೋಗುತ್ತಿದ್ದ ಸ್ನೇಹಿತರ ಆ ಜಮೀನಿಗೆ ಹೋದೆವು. ಹಲ್ಲು ಕಟಕಟಿಸುವ ಚಳಿ. ಆಂಟಿ ಕೋವಿ ಎತ್ತಿದಾಗಲೆಲ್ಲ ಪ್ಯಾಡ್ ಜಾಕೆಟ್ಟಿನ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಜಮೀನಿನ ಯಜಮಾನರು ತಾವೇ ಹೊಡೆಯುವುದಾಗಿ ಕೈ ಚಾಚಿದರು. ಆಂಟಿ ತಲೆಯಾಡಿಸಿ, ಜಾಕೆಟ್ ಕಳಚಿ ನನ್ನ ಕೈಗಿಟ್ಟರು. ಒಳಗೆ ಹಿಂದಕ್ಕೆ ನೆರಿಗೆ ಹಿಡಿದು ಉಟ್ಟ ಕೊಡವ ಸೀರೆ. ಆ ಹೆಗಲಿಗೆ ಈಗ ಪ್ಯಾಡ್ ಬಿಟ್ಟರೆ ರವಿಕೆಯ ಬಟ್ಟೆಯಷ್ಟೇ ಅಡ್ಡ. ಬೇಡ ಆಂಟಿ ಎಂದೆ, ಕೇಳಲಿಲ್ಲ.

"ಆಕಾಶಕ್ಕೆ ಹೊಡಿಯೋ ಹಾಗಿಲ್ಲ. ಮೇಲೆ ಹೋಗಿದ್ದು ಯಾರ ತಲೆ ಮೇಲೋ ಬೀಳ್ಬೇಕಲ್ಲ," ಎಂದು ಎದುರಿನ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟರು. ಮೊದಲ ಗುಂಡಿಗೆ ಅವರ ಮುಖ ಹಿಂಡಿದಂತಾಯಿತು. ಕೋವಿ ಇಳಿಸಿ, ಕಣ್ಣು ಮುಚ್ಚಿ ನಿಂತರು. ಸಾಕು ಎನ್ನುತ್ತಾರೆ ಅಂದುಕೊಂಡೆ... ಮತ್ತೆ ಎತ್ತಿದರು. ಎರಡನೆಯದೂ ಹಾರಿತು. ಆಮೇಲೆ ಕೊಡವ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ಅದು ಅಂಕಲ್‌ಗೆ ಹೇಳಿದ ಮಾತು, ನಾನು ಅರ್ಥ ಕೇಳಲಿಲ್ಲ. ಅಂಥ ಇನ್ನೊಬ್ಬ ಗಟ್ಟಿ ಹೆಂಗಸನ್ನು ನಾನು ಕಂಡಿಲ್ಲ.

ಕಳೆದ ವರ್ಷ ಆಂಟಿಯೂ ಹೋದರು. ನಿದ್ದೆಯಲ್ಲೇ. ಬೀದಿಯವರು, ಕನ್ನಡದವರು, ಕ್ಯಾರೊಲಿನಾದಿಂದ ಬಂದ, ಕೋವಿ ಹಿಡಿದೇ ಗೊತ್ತಿಲ್ಲದ ದೂರದ ನೆಂಟರು, ಎಲ್ಲ ಸೇರಿ ಅಂತ್ಯಕ್ರಿಯೆ ಅಚ್ಚುಕಟ್ಟಾಗಿ ಮಾಡಿದೆವು. ಮುಗಿದ ಮೇಲೆ ಒಬ್ಬೊಬ್ಬರಾಗಿ ಕಾರು ಹತ್ತಿದರು. ನಾನು ಪಾರ್ಕಿಂಗ್ ಲಾಟಿನಲ್ಲೇ ನಿಂತಿದ್ದೆ. "ಏನು ಕಾಯ್ತಿದೀಯ, ಬಾ," ಎಂದು ಗಂಡ ಕರೆದರು. ಏನೂ ಇಲ್ಲ ಎಂದೆ. ನಮ್ಮಲ್ಲಿ ಆ ಎರಡು ಗುಂಡು ಹೊಡೆಯಬಲ್ಲವರು ಇದ್ದದ್ದು ಒಬ್ಬರೇ.