ಬೆಳಕಿನಲ್ಲಿ ಬರೆಯುತ್ತಿದ್ದ ಟೀಚರ್

ಮೊನ್ನೆ ನಮ್ಮ ಮನೆಯ ಕಾಲಿಂಗ್ ಬೆಲ್ಲಿನ ತಂತಿ ಕಿತ್ತುಬಂದಿತ್ತು. ಎಲೆಕ್ಟ್ರಿಷಿಯನ್ ಭಯ್ಯಾ ‘ಈಗ ಬಂದೆ’ ಎಂದವನು ಮಾರನೆಯ ದಿನವೂ ಪತ್ತೆಯಿಲ್ಲ. ಕೊನೆಗೆ ನಾನೇ ಹಳೆಯ ಬೆಸುಗೆ ಕಡ್ಡಿಯನ್ನು ಹುಡುಕಿ ತೆಗೆದೆ. ಕಾದ ತುದಿಗೆ ಸೀಸ ತಾಗಿ ರಾಳದ ಘಾಟು ಮೂಗಿಗೆ ಬಡಿದದ್ದೇ ತಡ... ಮೇಲಿನ ಮನೆಯ ಟೀಚರ್ ನೆನಪಾದರು. ಬೆಲ್ಲಿನ ಕೆಲಸ ಅಲ್ಲಿಗೇ ನಿಂತಿತು.

ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ದೆಹಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಟೀಚರ್ ಇದನ್ನು ನೋಡಲಾರದೆ, ಭಾನುವಾರ ಬೆಳಿಗ್ಗೆ ಸೊಸೈಟಿಯ ಕ್ಲಬ್ ಕೋಣೆಯಲ್ಲಿ ಅಕ್ಷರ ಕಲಿಸತೊಡಗಿದರು. ನನ್ನ ಮಗಳೂ ಹೋಗುತ್ತಿದ್ದಳು. ಟೀಚರ್ ಬೋರ್ಡಿನ ಮೇಲೆ ‘ಳ’ ಬರೆಯುವುದನ್ನು ನೋಡಲೆಂದೇ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಷ್ಟು ಚೆಂದದ ಬರಹ.

ಆ ವರ್ಷ ದೀಪಾವಳಿಯ ನಂತರದ ಹೊಗೆ ಅವರ ಎದೆಯನ್ನು ಹಿಡಿದುಬಿಟ್ಟಿತು. ಸೀಮೆಸುಣ್ಣದ ಪುಡಿ ಕೂಡದೆಂದು ಡಾಕ್ಟರು ಹೇಳಿದರು. ಬಿಳಿ ಬೋರ್ಡು ತಂದೆವು, ಮಾರ್ಕರಿನ ವಾಸನೆಗೂ ಕೆಮ್ಮು. ಮಕ್ಕಳಿಗೆ ವಿಡಿಯೋ ಹಾಕಿ ತೋರಿಸಿದರಾಯಿತು ಎಂದು ಯಾರೋ ಜಾಣರು ಸಲಹೆ ಕೊಟ್ಟರು. ಟೀಚರ್ ಒಪ್ಪಲಿಲ್ಲ.

“ಕೈ ನೋಡಿದ್ರೆ ತಾನೇ ಕೈ ಕಲಿಯೋದು? ನನಗೆ ಬರೆಯೋಕಾಗಲ್ಲ ಅಂದ್ರೆ ಕ್ಲಾಸು ನಿಲ್ಲಿಸಿಬಿಡೋಣ” ಎಂದರು.

ಅದನ್ನು ಅವರು ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. ಮಗಳು ಆಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಳು.

ಪುಡಿಯೂ ಇಲ್ಲದ, ವಾಸನೆಯೂ ಇಲ್ಲದ ಪೆನ್ನೊಂದನ್ನು ಮನೆಯಲ್ಲೇ ಮಾಡಬಹುದೆಂದು ನಾನು ಎಲ್ಲೋ ನೋಡಿದ್ದೆ. ಒಣಗಿದ ಮಾರ್ಕರಿನ ಹೊಟ್ಟೆ ಬಗೆದು ಸಣ್ಣ ಬ್ಯಾಟರಿ ಕೂರಿಸಿದೆ. ಕೆಟ್ಟ ಟಿವಿ ರಿಮೋಟಿನ ಮೂತಿಯಲ್ಲಿದ್ದ ಪುಟ್ಟ ದೀಪವನ್ನು ಕಿತ್ತು ತುದಿಗೆ ಬೆಸೆದೆ, ಪಕ್ಕದಲ್ಲೊಂದು ಗುಂಡಿ. ಗುಂಡಿ ಒತ್ತಿದರೆ ದೀಪ ಉರಿಯುತ್ತದೆ, ಆದರೆ ಇನ್‌ಫ್ರಾರೆಡ್ ಬೆಳಕಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ನನ್ನ ಹೆಂಡತಿ ನೋಡಿ, ಇಷ್ಟು ಹೊಗೆ ಹಾಕಿ ಮಾಡಿದ್ದು ಇದೇನಾ ಎಂದಳು. ಫೋನಿನ ಕ್ಯಾಮೆರಾದಲ್ಲಿ ತೋರಿಸಿದ ಮೇಲೆ, ನೇರಳೆ ಬಣ್ಣದ ಚುಕ್ಕೆ ಕಂಡು ತಾನೇ ಇನ್ನೊಮ್ಮೆ ಗುಂಡಿ ಒತ್ತಿ ನೋಡಿದಳು. ಇನ್ನು ಬೇಕಿದ್ದದ್ದು ಆ ಚುಕ್ಕೆ ಎಲ್ಲಿದೆಯೆಂದು ಲ್ಯಾಪ್‌ಟಾಪಿಗೆ ಹೇಳುವ ಕಣ್ಣು. ವಿಡಿಯೋ ಗೇಮಿನ ರಿಮೋಟೊಂದರಲ್ಲಿ ಅಂಥ ಕ್ಯಾಮೆರಾ ಇರುತ್ತದೆ. ಅದನ್ನು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟೆ. ಪೆನ್ನು ಗೋಡೆಯ ಮೇಲೆ ಓಡಿದಂತೆ, ಲ್ಯಾಪ್‌ಟಾಪಿಗೆ ಜೋಡಿಸಿದ ಪ್ರೊಜೆಕ್ಟರಿನ ಬೆಳಕಿನಲ್ಲಿ ಗೆರೆ ಮೂಡುತ್ತಿತ್ತು. ಟೀಚರ್ ನಮ್ಮ ಮನೆಯಲ್ಲಿ ಒಂದು ‘ಅ’ ಬರೆದು ನೋಡಿದರು. ಕೆಮ್ಮಲಿಲ್ಲ. “ಅಚ್ಛಾ...” ಎಂದು ಇನ್ನೊಂದು ಬರೆದರು.

ಭಾನುವಾರ ಮಕ್ಕಳ ಜೊತೆ ದೊಡ್ಡವರೂ ಬಂದು ಕೂತರು. ಜನವರಿಯ ಕೊರೆಯುವ ಚಳಿ. ಟೀಚರ್ ಎದೆ ಬೆಚ್ಚಗಿರಲೆಂದು ತಾಯಂದಿರು ಅಕ್ಕರೆಯಿಂದ ರಾಡ್ ಹೀಟರ್ ತಂದು ಗೋಡೆಯ ಎಡಮೂಲೆಯಲ್ಲಿ ಇಟ್ಟಿದ್ದರು. ಟೀಚರ್ ಗುಂಡಿ ಒತ್ತಿ ‘ಕ’ ಬರೆಯಲು ಹೊರಟರೆ ಗೆರೆ ಸರ್ರನೆ ಎಡಕ್ಕೆ, ಕೆಳಕ್ಕೆ ಜಾರಿತು. ಇನ್ನೊಮ್ಮೆ ಬರೆದರು, ಮತ್ತೆ ಜಾರಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಕಥೆ. ನಾನು ಬ್ಯಾಟರಿ ಬದಲಿಸಿದೆ, ಲ್ಯಾಪ್‌ಟಾಪ್ ಆರಿಸಿ ಹಾಕಿದೆ. ‘ಆಂಟಿ, ಅಕ್ಷರ ಭಾಗ್ ಗಯಾ’ ಎಂದು ಪುಟಾಣಿಯೊಂದು ನಗತೊಡಗಿತು. ಟೀಚರ್ ತಮ್ಮ ಕೈಯೇ ನಡುಗುತ್ತಿದೆ ಎಂದುಕೊಂಡು ಅದನ್ನು ನೋಡಿಕೊಳ್ಳುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೊನೆಗೆ ಅವರು ಪೆನ್ನನ್ನು ನನ್ನ ಕೈಗೆ ಕೊಟ್ಟು, ನಾನು ಬೇಜಾರು ಮಾಡಿಕೊಳ್ಳಬಾರದೆಂದು ತಮಾಷೆ ಮಾಡಿದರು:

“ಬಿಡಿ, ಅಕ್ಷರಕ್ಕೂ ಚಳಿ. ನೋಡಿ, ಎಲ್ಲಾ ಹೀಟರ್ ಹತ್ತಿರಾನೇ ಓಡ್ತಿವೆ.”

ನಾನು ಹೀಟರ್ ನೋಡಿದೆ. ಕೆಂಡದಂತೆ ಕಾದ ಆ ರಾಡಿನಿಂದಲೂ ಹೊರಡುವುದು ಅದೇ ಕಾಣದ ಬೆಳಕು! ಕ್ಯಾಮೆರಾಕ್ಕೆ ಅದೂ ಒಂದು ಪೆನ್ನು, ನನ್ನದಕ್ಕಿಂತ ದೊಡ್ಡ ಪೆನ್ನು. ಸ್ವಿಚ್ ಆರಿಸಿ, ರಾಡು ಕಪ್ಪಾಗುವವರೆಗೆ ಕಾದೆವು. ಟೀಚರ್ ಮತ್ತೆ ಬರೆದರು. ಗೋಡೆಯ ಮೇಲೆ ದುಂಡನೆಯ ‘ಕ’ ಅಲುಗದೆ ನಿಂತಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಅಂದಿನಿಂದ ಚಳಿಗಾಲದ ಕ್ಲಾಸಿನಲ್ಲಿ ಹೀಟರ್ ಇಲ್ಲ. ಮಕ್ಕಳು ಮಂಕಿ ಟೋಪಿಯಲ್ಲಿ, ಟೀಚರ್ ಎರಡು ಶಾಲಿನಲ್ಲಿ. ಮನೆಗಳಿಂದ ಫ್ಲಾಸ್ಕುಗಳಲ್ಲಿ ಶುಂಠಿ ಕಷಾಯ ಬರುತ್ತಿತ್ತು. ಹಲವು ಚಳಿಗಾಲ ಹೀಗೆ ನಡೆಯಿತು... ಈ ಊರಿನಲ್ಲಿ ನಾನು ಸುಖವಾಗಿ ಕಳೆದ ಭಾನುವಾರಗಳೆಂದರೆ ಅವೇ.

ಟೀಚರ್ ತೀರಿಹೋದದ್ದು ಒಂದು ಮಳೆಗಾಲದಲ್ಲಿ, ದೆಹಲಿಯ ಗಾಳಿ ತಿಳಿಯಾಗಿದ್ದ ದಿನಗಳಲ್ಲಿ. ಅವರು ಬರೆದದ್ದೆಲ್ಲ ಬೆಳಕು, ಪ್ರೊಜೆಕ್ಟರ್ ಆರಿಸಿದೊಡನೆ ಇಲ್ಲವಾಗುತ್ತಿತ್ತು. ಅವರ ಕೈಬರಹದ ಒಂದಕ್ಷರವೂ ನನ್ನಲ್ಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಈಗ ಕ್ಲಬ್ ಕೋಣೆಯಲ್ಲಿ ಬೆರಳಿನಲ್ಲೇ ಬರೆಯುವ ದೊಡ್ಡ ಪರದೆ ಬಂದಿದೆ. ಕಾಲೇಜಿಗೆ ಹೋಗುವ ನನ್ನ ಮಗಳು ಭಾನುವಾರ ಅಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಕಳೆದ ವಾರ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಪರದೆಯ ಎದುರು ನಿಲ್ಲದೆ, ಅಷ್ಟು ದೂರ ಪಕ್ಕಕ್ಕೆ ಸರಿದು, ತೋಳು ಚಾಚಿ ಬರೆಯುತ್ತಿದ್ದಳು. ನಮ್ಮ ಪೆನ್ನಿಗೂ ಕ್ಯಾಮೆರಾಕ್ಕೂ ನಡುವೆ ಮೈ ಅಡ್ಡ ಬಂದರೆ ಗೆರೆ ತುಂಡಾಗುತ್ತಿತ್ತು. ಈ ಪರದೆಗೆ ಆ ಕಾಟವಿಲ್ಲ. ಎದುರಿಗೇ ನಿಂತು ಬರೆಯಬಹುದಲ್ಲ ಎಂದೆ.

ಅವಳು ತನ್ನ ತೋಳನ್ನೊಮ್ಮೆ ನೋಡಿಕೊಂಡಳು. “ಬರೆಯೋದು ಅಂದ್ರೆ ಹೀಗೇ ನಿಲ್ಲೋದು ಅಂದ್ಕೊಂಡಿದ್ದೆ, ಪಪ್ಪಾ. ಟೀಚರ್ ಹೀಗೇ ತಾನೆ ನಿಲ್ತಾ ಇದ್ದಿದ್ದು?”