ನೂಲು ಕಚ್ಚಬಾರದು ಎಂದ ಟೀಚರ್

ನಮ್ಮ ಹೊಲಿಗೆ ಟೀಚರ ಎದುರುಹಲ್ಲೊಂದರ ತುದಿ ಸವೆದು ಸಣ್ಣ ಹಳ್ಳವಾಗಿತ್ತು. ಬಾಯ್ತುಂಬ ನಕ್ಕಾಗ ಮಾತ್ರ ಅದು ಕಾಣುತ್ತಿತ್ತು. ನಲವತ್ತೈದು ವರ್ಷ ಹಲ್ಲಿನಲ್ಲಿ ನೂಲು ಕತ್ತರಿಸಿದ್ದರ ಗುರುತು ಅದು. ಹೊಲಿಗೆ ಮುಗಿದೊಡನೆ ಬಟ್ಟೆಯನ್ನು ಮುಖದ ಹತ್ತಿರ ತರುತ್ತಿದ್ದರು, ನೂಲು ತಾನಾಗಿ ಹೋಗಿ ಆ ಹಳ್ಳದಲ್ಲಿ ಕೂರುತ್ತಿತ್ತು, ಟಕ್ ಎಂದು ತುಂಡಾಗುತ್ತಿತ್ತು. ಅಷ್ಟು ಹೊತ್ತಿಗೆ ಅವರ ಕಾಲು ಮಷಿನ್ನಿನ ಮುಂದಿನ ಹೊಲಿಗೆಯನ್ನು ತುಳಿಯಲು ಶುರು ಮಾಡಿ ಆಗಿರುತ್ತಿತ್ತು.

ಕುಂಭಾಶಿಯಲ್ಲಿ ಅವರ ಮನೆಯ ಜಗಲಿಯೇ ಕ್ಲಾಸು. ಟೀಚರದು ಬಿಟ್ಟು ಎಂಟು ಮಷಿನ್ನು, ಒಂದು ಉದ್ದ ಮೇಜು, ಗೋಡೆಗೆ ಒಂದು ಕನ್ನಡಿ. ಪಿಯುಸಿಯಲ್ಲಿ ಇಂಗ್ಲಿಷ್ ನನ್ನನ್ನು ಎರಡು ಸಲ ಮಗುಚಿ ಹಾಕಿದ ಮೇಲೆ, ಹತ್ತೊಂಬತ್ತರ ಪ್ರಾಯದಲ್ಲಿ, ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟರು. ಹೊಲಿಗೆಯ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಹೊಲಿಯುವಾಗ ಬಗ್ಗಿಕೊಂಡು ಇರಬಹುದು, ಯಾರೂ ಮುಖ ನೋಡುವುದಿಲ್ಲ ಎಂಬುದೊಂದೇ ನನಗೆ ಹಿತವಾಗಿದ್ದ ಸಂಗತಿ.

ನನ್ನ ಮುಖದ ವಿಷಯ ಹೇಳಬೇಕು. ನಾನು ಬಾಯಿ ಮುಚ್ಚಿದರೂ ಎದುರಿನ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಹಿಂದಿನ ದವಡೆ ಹಲ್ಲು ಎರಡು ಮಾತ್ರ ಕೂಡುತ್ತಿದ್ದವು, ಎದುರಲ್ಲಿ ಬೆರಳು ತೂರುವಷ್ಟು ಕಂಡಿ. ನೀರುದೋಸೆಯನ್ನು ಕಚ್ಚಿದರೆ ಅದು ಹರಿಯದೆ ಹಾಗೇ ಜಾರಿ ಹೊರಗೆ ಬರುತ್ತಿತ್ತು. ನೀರುದೋಸೆಯ ಎದುರು ಸೋತವರು ನಮ್ಮ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಕ್ಲಾಸಿನ ಮೊದಲ ದಿನವೇ ಎಡವಟ್ಟಾಯಿತು. ಎಲ್ಲ ಹುಡುಗಿಯರೂ ಟೀಚರನ್ನು ನೋಡಿ ಟಕ್ ಟಕ್ ಎಂದು ನೂಲು ಕಚ್ಚುತ್ತಿದ್ದರು. ನಾನೂ ಕಚ್ಚಿದೆ. ನೂಲು ಒದ್ದೆಯಾಯಿತೇ ಹೊರತು ತುಂಡಾಗಲಿಲ್ಲ. ಕೊನೆಗೆ ಅದನ್ನು ಕಡೆಯ ದವಡೆಗೆ ಸಿಕ್ಕಿಸಿ, ಕುತ್ತಿಗೆ ಓರೆ ಮಾಡಿ, ಎಲುಬು ಸಿಕ್ಕಿದ ನಾಯಿಯ ಹಾಗೆ ಎಳೆದೆ. ಪಕ್ಕದ ಮಷಿನ್ನಿನವಳು ಕಿಸಕ್ಕೆಂದಳು. ಮನೆಗೆ ಬಂದು ನಾಳೆಯಿಂದ ಹೋಗುವುದಿಲ್ಲ ಎಂದೆ. ಅಮ್ಮ ಬೈದು ಕಳಿಸಿದರು.

ಮರುದಿನ ಹೋಗಿ ನೋಡಿದರೆ ಎಂಟು ಮಷಿನ್ನಿಗೂ ಒಂದೊಂದು ಸಣ್ಣ ಕತ್ತರಿ, ಲಾಡಿಯಲ್ಲಿ ಕಟ್ಟಿ ನೇತು ಹಾಕಿದ್ದರು. ಟೀಚರ್ ಮೇಜಿನ ಹತ್ತಿರ ನಿಂತು, ಮೇಲ್ತುಟಿ ಎತ್ತಿ ಹಲ್ಲು ತೋರಿಸಿದರು.

“ಇವತ್ತಿಂದ ಯಾರೂ ಹಲ್ಲಂಗೆ ನೂಲ್ ಕಚ್ಚುಕಾಗ. ನನ್ ಹಲ್ಲ್ ಕಾಣಿ, ಹೆಂಗ್ ಆಯ್ತ್. ನಾಳೆ ನಿಮ್ದೂ ಹೀಂಗೇ ಆರೆ ನಿಮ್ಮನೆಯರ್ ಬಂದ್ ನಂಗೆ ಬೈತ್ರ್.”

ನನಗೆ ಜೀವ ಬಂದ ಹಾಗಾಯಿತು. ಆದರೆ ಆ ಕಾನೂನು ನಮಗೆ ಮಾತ್ರ. ಅವರು ಮಾತ್ರ ಮರೆತು ಮರೆತು ಕಚ್ಚುತ್ತಲೇ ಇದ್ದರು. ಟಕ್ ಎಂದಾಗಲೆಲ್ಲ ನಾವು ಎಂಟೂ ಜನ ಒಟ್ಟಿಗೇ “ಟೀಚರೆ” ಎಂದು ರಾಗ ಎಳೆಯುತ್ತಿದ್ದೆವು. ಅವರು ಕೈಯಿಂದ ಬಾಯಿ ಮುಚ್ಚಿಕೊಂಡು, “ನಂದ್ ಹೇಂಗೂ ಹಾಳಾಯ್ತಲೆ” ಎನ್ನುತ್ತಿದ್ದರು.

ಒಂದು ವರ್ಷ ಕಲಿತೆ, ಆಮೇಲೆ ನಾಲ್ಕು ವರ್ಷ ಅವರ ಕೈಕೆಳಗೇ ಹೊಲಿದೆ. ಹೊಲಿಗೆಗಿಂತ ಹೆಚ್ಚಾಗಿ ಅವರು ಗಿರಾಕಿಗಳ ಜೊತೆ ಮಾತಾಡುವುದನ್ನು ನೋಡಿ ಕಲಿತೆ. ಯಾರಾದರೂ ರವಿಕೆ ಬಿಚ್ಚಿ ಹೊಲಿಯಲು ತಂದರೆ ಟೀಚರ್ ಮೊದಲು ಕತ್ತರಿ ಮುಟ್ಟುತ್ತಿರಲಿಲ್ಲ. ಹಾಕಿಸಿ, ನೆಲದ ಮೇಲೆ ಕೂರಿಸಿ, ಏಳಿಸಿ, ಕೈ ಎತ್ತಿಸಿ, “ಬಿಗಿ ಯಾರಿಗೆ? ನಿಂಗಾ, ಕಾಂಬರಿಗಾ?” ಎಂದು ಕೇಳುತ್ತಿದ್ದರು. ತೊಟ್ಟವಳಿಗೋ, ನೋಡುವವರಿಗೋ ಎಂಬುದು ಮೊದಲು ತೀರ್ಮಾನವಾಗಬೇಕು. ಒಮ್ಮೆ ಒಬ್ಬ ಹೊಸ ಮದುಮಗಳು, ತೋಳು ಸಡಿಲ ಇದೆ ಅಂತ ನಾದಿನಿ ಹೇಳಿದಳು, ಬಿಗಿ ಮಾಡಿಕೊಡಿ ಎಂದು ಬಂದಳು. “ನಾದ್ನಿ ತೋಳ್ ತಕಂಡ್ ಬಾ, ಬಿಗಿ ಮಾಡಿಕೊಡ್ತೆ” ಎಂದು ಹೇಳಿ ವಾಪಸು ಕಳಿಸಿದರು. ಆ ಹುಡುಗಿ ನಗುತ್ತಲೇ ಹೋದಳು.

ಇನ್ನೊಂದು ಅಭ್ಯಾಸ, ಒಳಗೆ ಬಟ್ಟೆ ಬಿಡುವುದು. ಬೇರೆ ಟೈಲರುಗಳು ಒಂದು ಬೆರಳು ಬಿಟ್ಟರೆ ಇವರು ಎರಡು ಬೆರಳು ಬಿಡುತ್ತಿದ್ದರು. ಎಷ್ಟೇ ಬಟ್ಟೆ ಕಡಿಮೆ ಬೀಳಲಿ, ಪಕ್ಕದ ಹೊಲಿಗೆಯ ಒಳಗೆ ಆ ಎರಡು ಬೆರಳು ಇರಲೇಬೇಕು. “ಮೈ ಇವತ್ ಇದ್ದಾಂಗೆ ನಾಳೆ ಇರ್ತಿಲ್ಲೆ” ಎಂಬುದು ಅವರ ಮಾತು.

ನಾನು ಬ್ರಹ್ಮಾವರದಲ್ಲಿ ಸಣ್ಣ ಅಂಗಡಿ ಹಾಕಿದಾಗ ಅದನ್ನು ಉದ್ಘಾಟನೆ ಮಾಡಿದ್ದೂ ಅವರೇ. ದುಡ್ಡು ಕೈಯಲ್ಲಿ ಆಡತೊಡಗಿದ ಮೇಲೆ, ಇಪ್ಪತ್ತೇಳರಲ್ಲಿ, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡೆ. ಅಳತೆ ಕೊಡಲು ಬಂದವರೆಲ್ಲ “ಈ ಪ್ರಾಯದಲ್ಲಿ ಕ್ಲಿಪ್ಪಾ?” ಎಂದರು. ನಾನು ಟೇಪನ್ನು ಸ್ವಲ್ಪ ಬಿಗಿಯಾಗಿ ಎಳೆದು ಸೇಡು ತೀರಿಸಿಕೊಂಡೆ.

ಎರಡು ವರ್ಷಕ್ಕೆ ಹಲ್ಲುಗಳು ಸಾಲಾಗಿ ನಿಂತವು. ಕಂಡಿ ಮಾತ್ರ ಹಾಗೇ ಉಳಿಯಿತು. ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ನಾನೇ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಕೂರಿಸಿಕೊಂಡು ಬಿಡಿಸಿ ಹೇಳಿದರು: ತೊಂದರೆ ಹಲ್ಲಿನದಲ್ಲ, ದವಡೆಯ ಎಲುಬೇ ಹಾಗೆ ಬೆಳೆದಿದೆ. ಇಲ್ಲಿಗೆ ಕ್ಲಿಪ್ ತೆಗೆಸಿ ಹೀಗೇ ಇರಬಹುದು. ಇಲ್ಲವೇ ಮೇಲಿನ ಮತ್ತು ಕೆಳಗಿನ ದವಡೆಯ ಎಲುಬು ಕತ್ತರಿಸಿ, ಸರಿಯಾದ ಜಾಗಕ್ಕೆ ತಂದು, ಪ್ಲೇಟು ಸ್ಕ್ರೂ ಹಾಕಿ ಕೂಡಿಸಬಹುದು. ಬಟ್ಟೆ ಕತ್ತರಿಸಿ ಕೂಡಿಸುವುದು ನನ್ನ ಕಸುಬೇ ಆದರೂ, ನನ್ನ ಮುಖದ ಮೇಲೇ ಅದನ್ನು ಮಾಡುತ್ತಾರೆ ಎಂದಾಗ, ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಅಮ್ಮನದು ಒಂದೇ ಮಾತು. “ಹಾಂಗೇ ಇದ್ಕಂಡ್ ಇಪ್ಪತ್ತೊಂಬತ್ ವರ್ಷ ಉಂಡಿದ್ಯಲೆ, ಇನ್ನೆಂತಕೆ ಎಲುಬ್ ಕಡ್ಸುದ್?” ನನಗೂ ಹೌದೆನಿಸಿತು. ಚಂದ ಕಾಣಲೆಂದು ಇಷ್ಟು ದೊಡ್ಡ ಆಪರೇಶನ್ನೇ ಎಂದು ಜನ ಆಡಿಕೊಳ್ಳುವುದು ಈಗಲೇ ಕೇಳಿಸುತ್ತಿತ್ತು. ಬೇಡ ಎಂದು ಯಾರಾದರೂ ದೊಡ್ಡವರು ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಒಂದು ಭಾನುವಾರ ಟೀಚರ ಹತ್ತಿರ ಹೋದೆ.

ಎಲ್ಲವನ್ನೂ ಹೇಳಿ ಕೊನೆಗೆ, “ಅಷ್ಟೆಲ್ಲ ಕಷ್ಟ ಏನಿಲ್ಲೆ ಟೀಚರೆ. ನಿಮ್ಮಲ್ಲಿ ಐದ್ ವರ್ಷ ಇದ್ನಲೆ, ಒಂದ್ ದಿನಕ್ಕೂ ತೊಂದ್ರಿ ಆಯ್ಲಿಲ್ಲೆ” ಎಂದೆ.

ಅವರು ಗುಂಡಿಗೆ ಕಾಜ ಹೊಲಿಯುತ್ತಿದ್ದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನೇ ನೋಡಿದರು.

“ಹೆಣೆ, ಆ ಕತ್ರಿ ನಿನ್ ಸಲುವಾಯಿ ಕಟ್ಟದ್ದ್. ಅದ್ಕ್ ಮುಂಚೆ ನನ್ ಕ್ಲಾಸಂಗೆ ಹಾಂಗೊಂದ್ ಕಾನೂನೇ ಇರ್ಲಿಲ್ಲೆ. ನೀ ದವಡೆಗ್ ನೂಲ್ ಹಾಕಿ ಎಳುದ್ ಕಂಡೆ. ನಾಳೆ ಈ ಹೆಣ್ಣ್ ಬತ್ತಿಲ್ಲೆ ಅಂದೇಳಿ ಹೆದ್ರಿಕಿ ಆಯ್ತ್.”

ಹತ್ತು ವರ್ಷ, ಎಷ್ಟೋ ಬ್ಯಾಚಿನ ಹುಡುಗಿಯರು ಪಾಲಿಸಿದ ಕಾನೂನು ನನ್ನೊಬ್ಬಳ ಮರ್ಯಾದೆಗಾಗಿ ಹುಟ್ಟಿದ್ದು.

“ನನ್ ಕ್ಲಾಸಂಗೆ ತೊಂದ್ರಿ ಆಯ್ಲಿಲ್ಲೆ ಅಂದೇಳಿ ಲೆಕ್ಕ ಹಾಕ್ಬೇಡ” ಎಂದರು. “ಅದ್ ನಾ ಮುಚ್ಚದ್ದ್. ಮುಚ್ಚದ್ದ್ ಸರಿಯಾ ತಪ್ಪಾ ನಂಗ್ ಗೊತ್ತಿಲ್ಲೆ. ನೀ ಒಂದ್ ಕೆಲ್ಸ ಮಾಡ್. ಒಂದ್ ವಾರ ಯಾರೂ ಇಲ್ದಿದ್ದಲ್ಲ್ ಒಬ್ಳೇ ಕೂಕಂಡ್ ಉಣ್. ಕಾಂಬರ್ ಯಾರೂ ಇಲ್ದಿರೂ ಕಷ್ಟ ಆರೆ, ಆ ಕಷ್ಟ ನಿಂದ್. ಇಲ್ದಿರೆ ಕ್ಲಿಪ್ ತೆಗ್ಸಿ ಆರಾಮಲ್ ಇರ್.”

ಸೋಮವಾರದಿಂದ ಅಂಗಡಿಯ ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಉಣ್ಣತೊಡಗಿದೆ. ಮೊದಲ ದಿನ ಕಂಡಿದ್ದು, ಯಾರೂ ಇಲ್ಲದಿದ್ದರೂ ನನ್ನ ಎಡಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿದೆ. ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟು ಉಂಡೆ. ಎರಡು ಚಪಾತಿಗೆ ಮುಕ್ಕಾಲು ಗಂಟೆ ಬೇಕಾಯಿತು. ಸೌತೆಕಾಯಿಯನ್ನು ಬೆರಳಿನಲ್ಲಿ ಚೂರು ಮಾಡಿ ಕಡೆಯ ಹಲ್ಲಿಗೆ ತುರುಕಬೇಕಿತ್ತು. ಸಂಜೆಯಾದರೆ ಕಿವಿಯ ಬುಡದಲ್ಲಿ ಒಂದು ನೋವು. ಅದನ್ನು ನಾನು ಇಷ್ಟು ವರ್ಷ ಮಷಿನ್ನಿನ ತಲೆನೋವು ಎಂದುಕೊಂಡಿದ್ದೆ. ಅಗಿಯಲು ಬೇಜಾರಾಗಿ ಅರ್ಧಕ್ಕರ್ಧ ಅನ್ನ ಹಾಗೇ ನುಂಗುತ್ತಿದ್ದೆ ಎಂಬುದೂ ಗೊತ್ತಾಯಿತು. ಶುಕ್ರವಾರ ಆ ಒಳಕೋಣೆಯಲ್ಲಿ ಕೂತು ಚೆನ್ನಾಗಿ ಅತ್ತೆ. ನೋಡುವವರನ್ನೆಲ್ಲ ಹೊರಗೆ ಹಾಕಿದ ಮೇಲೂ ಕಷ್ಟ ಒಳಗೇ ಕೂತಿತ್ತು.

ಮತ್ತೆ ಟೀಚರಲ್ಲಿಗೆ ಹೋಗಿ, “ಕಷ್ಟ ನಂದೇ ಟೀಚರೆ. ಆದ್ರೆ ಹೆದ್ರಿಕಿ ಆತ್ತ್” ಎಂದೆ.

“ಕತ್ರಿ ಹಾಕುಕೆ ಮುಂಚೆ ನಂಗೂ ಆತ್ತ್. ಇಷ್ಟ್ ವರ್ಷ ಆಯ್ತ್, ಇನ್ನೂ ಆತ್ತ್. ಹೆದ್ರಿಕಿ ಇಲ್ದಿದ್ದರ್ ಕೈಗೆ ಬಟ್ಟೆ ಕೊಡುಕಾಗ. ಎಂತೆಲ್ಲ ಹಾಳಾತ್ತ್ ಅಂದೇಳಿ ಡಾಕ್ಟ್ರ್ ಹತ್ರ ಕೇಂಡ್ಕಂಡ್ ಬಾ. ಎಂತದೂ ಆತಿಲ್ಲೆ ಅಂದ್ರೆ ಅಲ್ಲಿಂದ್ ಎದ್ದ್ ಬಾ.”

ಕೇಳಿದೆ. ಕೆಳತುಟಿ ತಿಂಗಳುಗಟ್ಟಲೆ ಮರಗಟ್ಟಬಹುದು, ಸ್ವಲ್ಪ ಭಾಗ ಹಾಗೇ ಉಳಿಯಲೂಬಹುದು, ಕೆಲವು ವಾರ ಬರೀ ದ್ರವ ಆಹಾರ, ತೂಕ ಇಳಿಯುತ್ತದೆ, ಮುಖ ಬದಲಾಗುತ್ತದೆ, ಅದು ಹಿಡಿಸದೆಯೂ ಇರಬಹುದು. ಡಾಕ್ಟರು ಒಂದನ್ನೂ ಬಚ್ಚಿಡಲಿಲ್ಲ. ಇದನ್ನು ಹೇಳಿದಾಗ ಟೀಚರ್ ತಲೆದೂಗಿದರು, ಟೇಪು ತೆಗೆದು ನನ್ನ ಮುಖದ ಅಳತೆ ತೆಗೆದುಕೊಂಡರು. ಗದ್ದದಿಂದ ನೆತ್ತಿಗೆ, ಕಿವಿಯಿಂದ ಕಿವಿಗೆ. ಯಾಕೆಂದು ಕೇಳುವಷ್ಟರಲ್ಲಿ ಟೇಪು ಸುತ್ತಿಟ್ಟು ಮಷಿನ್ನು ತುಳಿಯತೊಡಗಿದರು.

ಎರಡು ದಿನ ಬಿಟ್ಟು ಒಂದು ಪಟ್ಟಿ ಕೊಟ್ಟರು. ಮೆತ್ತಗಿನ ಹತ್ತಿಬಟ್ಟೆಯದು, ಗದ್ದದ ಕೆಳಗಿನಿಂದ ಬಂದು ನೆತ್ತಿಯ ಮೇಲೆ ಕಟ್ಟಿಕೊಳ್ಳುವಂಥದ್ದು, ಎರಡು ಕೆನ್ನೆಯ ಹತ್ತಿರ ಐಸ್ ಇಡಲು ಎರಡು ಕಿಸೆ. ಅದನ್ನು ಹಿಡಿದುಕೊಂಡೇ ಮಂಗಳೂರಿನ ಆಸ್ಪತ್ರೆಗೆ ಸೇರಿದೆ. ಅಮ್ಮ ಕೊನೆಯ ಗಳಿಗೆಯವರೆಗೂ ಬೇಡವೆಂದರು, ಆದರೂ ಆಪರೇಶನ್ ಥಿಯೇಟರಿನ ಬಾಗಿಲಿನ ತನಕ ನನ್ನ ಕೈ ಬಿಡಲಿಲ್ಲ.

ಆಪರೇಶನ್ ಆದ ಮೂರನೆಯ ದಿನ ನನ್ನ ಮುಖ ಕುಂಬಳಕಾಯಿಯಾಗಿತ್ತು. ಪಟ್ಟಿ ತಾಗಿಸಲೂ ಆಗುತ್ತಿರಲಿಲ್ಲ, ಅಷ್ಟು ಬಿಗಿ. ಅವತ್ತು ಟೀಚರ್ ಬಸ್ಸು ಹತ್ತಿ ಒಬ್ಬರೇ ಬಂದರು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಪರ್ಸಿನಿಂದ ಸೂಜಿ ನೂಲು ತೆಗೆದು, ಹಾಸಿಗೆಯ ಅಂಚಿನಲ್ಲಿ ಕೂತು, ಪಟ್ಟಿಯ ಹೊಲಿಗೆ ಬಿಚ್ಚಿದರು. ಒಳಗೆ ಎರಡು ಬೆರಳು ಬಟ್ಟೆ.

“ಊದ್ತ್ ಅಂದೇಳಿ ಗೊತ್ತಿತ್ತ್” ಎನ್ನುತ್ತ ಸಡಿಲ ಮಾಡಿ ಹೊಲಿದರು. ಕೊನೆಗೆ ಅಭ್ಯಾಸ ಬಲದಿಂದ ಬಗ್ಗಿ, ಟಕ್ ಎಂದು ನೂಲು ಕಚ್ಚಿದರು. ನನ್ನ ಹಲ್ಲುಗಳನ್ನು ರಬ್ಬರಿನಲ್ಲಿ ಕಟ್ಟಿ ಹಾಕಿದ್ದರಿಂದ ಟೀಚರೆ ಎಂದು ರಾಗ ಎಳೆಯಲು ಆಗಲಿಲ್ಲ. ಬೆರಳೆತ್ತಿ ಗದರಿಸಿದೆ. ಅವರು ನಕ್ಕರು, ಆ ಹಳ್ಳ ಕಂಡಿತು.

“ನಿಂಗೂ ಒಂದ್ ಸಲ ಕಚ್ಚುಕೆ ಬಿಟ್ಟಿದೆ” ಎಂದರು. “ಕ್ಲಿಪ್ ತೆಗ್ಸಿದ್ ಮೇಲ್ ನನ್ನೆದ್ರ್ ಬಂದ್ ನೂಲ್ ಕಚ್ಚಿ ತೋರ್ಸ್. ಒಂದೇ ಸಲ. ಮತ್ತೆ ಕಚ್ರೆ ಬೈತೆ.”

ತಿಂಗಳುಗಳ ಮೇಲೆ ಕ್ಲಿಪ್ ತೆಗೆದರು. ಹಲ್ಲುಗಳು ಕೂಡಿದ್ದವು. ತುಟಿಯ ಎಡ ಅಂಚು ಮಾತ್ರ ಈಗಲೂ ಸ್ವಲ್ಪ ಜುಮ್ಮೆನ್ನುತ್ತದೆ. ಅಮ್ಮ ಅವತ್ತೇ ನೀರುದೋಸೆ ಮಾಡಿದರು, ಕಚ್ಚಿದೆ, ಹರಿಯಿತು, ಅಮ್ಮ ಕಣ್ಣೊರೆಸಿಕೊಂಡು ಇನ್ನೆರಡು ಹಾಕಿದರು. ಅಂಗಡಿಗೆ ಬಂದವರಿಗೆಲ್ಲ ಹಲ್ಲು ತೋರಿಸಿದೆ. ಟೀಚರಿಗೆ ಮಾತ್ರ ತೋರಿಸಲಿಲ್ಲ. ಮದುವೆ ಸೀಸನ್ನು, ರಾಶಿ ರವಿಕೆ, ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಮನೆ. ಟೀಚರ ಮನೆ ಎಲ್ಲಿ ಓಡಿಹೋಗುತ್ತದೆ, ಬರುವ ಭಾನುವಾರ ಹೋದರಾಯಿತು ಎಂದು ಎರಡು ಭಾನುವಾರ ಕಳೆದೆ. ಈ ಒಂದು ಉದಾಸೀನಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮೂರನೆಯ ಭಾನುವಾರಕ್ಕೆ ಮೊದಲೇ ಫೋನು ಬಂತು. ಮಧ್ಯಾಹ್ನ ಉಂಡು ಮಲಗಿದ ಟೀಚರ್ ಏಳಲಿಲ್ಲ.

ನಾನು ಹೋದಾಗ ಸ್ನಾನ ಮಾಡಿಸಿ ಆಗಿತ್ತು. ಬೈಂದೂರಿಗೆ ಕೊಟ್ಟ ಮಗಳು ಹೊಸ ಸೀರೆಯನ್ನೂ, ಮುಂದಿನ ತಿಂಗಳ ಮದುವೆಯೊಂದಕ್ಕೆ ತೊಡಲೆಂದು ಟೀಚರೇ ತಮಗೆ ಹೊಲಿದಿಟ್ಟುಕೊಂಡಿದ್ದ ರವಿಕೆಯನ್ನೂ ಹಿಡಿದು ನಿಂತಿದ್ದಳು. ಕೈಗಳು ಸೆಟೆದುಕೊಂಡಿದ್ದರಿಂದ ತೋಳು ಏರುತ್ತಿರಲಿಲ್ಲ. “ಬೆನ್ನಿಗೆ ಕತ್ರಿ ಹಾಕಿ ತೊಡ್ಸಿ, ಸೀರೆ ಮುಚ್ಚತ್ತಲೆ, ಯಾರ್ ಕಾಂತ್ರ್” ಎಂದರು ನೆರೆಮನೆಯ ಅಜ್ಜಿ. ಎಲ್ಲರ ಮನೆಯಲ್ಲೂ ಹಾಗೇ ಮಾಡುವುದು.

ಕತ್ತರಿ ಹಾಕುವುದು ಬೇಡ, ಇಲ್ಲಿ ಕೊಡಿ ಎಂದೆ. ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಎರಡೂ ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಎರಡೆರಡು ಬೆರಳು ಬಟ್ಟೆ ಇತ್ತು. ಮಗಳು ಮೆಲ್ಲನೆ ಎತ್ತಿ ಹಿಡಿದಳು, ತೊಡಿಸಿದೆವು. ಆಮೇಲೆ ಪಕ್ಕದಲ್ಲಿ ಮೊಣಕಾಲೂರಿ, ಅವರ ಮೈ ಮೇಲೆಯೇ, ಒಂದೊಂದೇ ಕೈಹೊಲಿಗೆ ಹಾಕಿ ಕೂಡಿಸಿದೆ. ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ.

ಕೊನೆಯ ಗಂಟು ಹಾಕಿದೆ. “ಹೆಣೆ, ಕತ್ರಿ ಇಲ್ಲೇ ಇತ್ತಲೆ” ಎಂದು ಅಜ್ಜಿ ಮುಂದೆ ಚಾಚಿದರು. ಜಗಲಿಯ ಮಷಿನ್ನಿನಿಂದ ಬಿಚ್ಚಿ ತಂದಿದ್ದ ಸಣ್ಣ ಕತ್ತರಿ, ಲಾಡಿಯ ತುದಿ ಇನ್ನೂ ನೇತಾಡುತ್ತಿತ್ತು. ನಾನು ತೆಗೆದುಕೊಳ್ಳಲಿಲ್ಲ. ಟೀಚರ ಮುಖವನ್ನು ಒಮ್ಮೆ ನೋಡಿ, ಬಗ್ಗಿ, ಎದುರಿನ ಹಲ್ಲುಗಳಲ್ಲಿ ನೂಲನ್ನು ಹಿಡಿದು ಕಚ್ಚಿದೆ. ಟಕ್ ಎಂದು ತುಂಡಾಯಿತು.