ಮೋಜಿಗಲ್ಲದ ಪ್ರಯಾಣ

ಮೊನ್ನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಯಾರೋ ಒಣಸಿಗಡಿಯ ಪೊಟ್ಟಣ ಬೀಳಿಸಿ ಒಡೆದಿದ್ದರು. ಅಂಗಡಿ ತುಂಬ ಅದೇ ವಾಸನೆ. ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಬೆಳೆದ ನಾನು ಮೂಗು ಮುಚ್ಚಿಕೊಂಡು ಓಡಬೇಕಿತ್ತು. ಓಡಲಿಲ್ಲ. ಅಕ್ಕಿ ಚೀಲಗಳ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟೆ. ಕೆಳಗಿನ ಮನೆಯ ಅಕ್ಕ ನೆನಪಾಗಿದ್ದರು...

ಅದು ಡಾಟ್‌ಕಾಂ ಭರಾಟೆಯ ಕಾಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಿದವರೆಲ್ಲ ಸ್ಟಾಕಿನ ಮಾತಾಡುವವರೇ. ನನಗೆ ಊಟವಾಯಿತೇ ಎಂದು ಕೇಳುತ್ತಿದ್ದವರು ಅಕ್ಕ ಒಬ್ಬರೇ. ಉಡುಪಿ ಕಡೆಯ ಮೀನುಗಾರರ ಮನೆಯ ಹೆಣ್ಣುಮಗಳು, ನನಗಿಂತ ಸಾಕಷ್ಟು ದೊಡ್ಡವರು. ಅವರ ಗಂಡ ಆಫೀಸಿಗೆ ಹೋದರೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಕಾರು ಓಡಿಸಲು ಬಾರದ ಅಕ್ಕನಿಗೆ ಗ್ರೋಸರಿಗೂ ಡಾಕ್ಟರಿಗೂ ನಾನೇ ಸಾರಥಿ. ಸಿಗಡಿ ಹುರಿಯುವ ಬಾಣಲೆಯೇ ಬೇರೆ ಎಂದು ಆಣೆ ಮಾಡಿ ನನಗೆ ನೀರುದೋಸೆ ಹಾಕಿಕೊಡುತ್ತಿದ್ದರು. ಆ ಆಣೆಯನ್ನು ನಾನು ನಂಬಿದಂತೆ ನಟಿಸುತ್ತಿದ್ದೆ.

ಆ ವರ್ಷ ಊರಿನಲ್ಲಿ ಅವರ ಅಮ್ಮ ತೀರಿಕೊಂಡರು. ಇದ್ದದ್ದು ಇಬ್ಬರೇ ಮಕ್ಕಳು. ಅಕ್ಕ ಆಗಷ್ಟೇ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಸರಕಿನ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ತಮ್ಮ ಯಾವುದೋ ಸಮುದ್ರದ ನಡುವೆ ಇದ್ದ. ಬೆಂಕಿ ಕೊಟ್ಟದ್ದು ಚಿಕ್ಕಪ್ಪನ ಮಗ. ಅಂದಿನಿಂದ ಅಕ್ಕ ಹಬ್ಬ ಮಾಡಲಿಲ್ಲ, ಯಾರ ಮನೆಯ ಬರ್ತ್‌ಡೇ ಪಾರ್ಟಿಗೂ ಹೋಗಲಿಲ್ಲ. ಅಮ್ಮನ ವರ್ಷ ಕಳೆಯಲಿ ಎನ್ನುತ್ತಿದ್ದರು. ಮದುವೆಯಾಗಿ ಹೋದ ಮಗಳಿಗೆ ಅಷ್ಟೆಲ್ಲ ಕಟ್ಟಳೆ ಇಲ್ಲವಂತೆ. ಅದು ಅವರೇ ಹಾಕಿಕೊಂಡದ್ದು.

ಕೆಲವು ತಿಂಗಳ ನಂತರ ತಮ್ಮನ ಫೋನು ಬಂತು. ಅವನ ಹಡಗು ಮೆಕ್ಸಿಕೋದ ಎನ್ಸೆನಾಡಾ ಬಂದರಿಗೆ ಬರುವುದಿತ್ತು. ಒಂದು ಹಗಲು ನಿಲ್ಲುತ್ತದೆ, ಸಂಜೆಯೊಳಗೆ ಅವನು ಹಡಗಿಗೆ ಮರಳಬೇಕು. ಅಕ್ಕ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು.

"ಅಮ್ಮ ಹೋದ ಮೇಲೆ ನಾವಿಬ್ರು ಮುಖ ನೋಡ್ಲಿಲ್ಲ ಮಾರಾಯ್ತಿ. ಒಟ್ಟಿಗೆ ಕೂತು ಅಳ್ಲಿಕ್ಕೂ ಆಗ್ಲಿಲ್ಲ," ಎಂದರು.

ಇಬ್ಬರೂ ಓಡಾಡಿ ಮೆಕ್ಸಿಕೋ ವೀಸಾ ಮಾಡಿಸಿಕೊಂಡೆವು. ಹೊರಡುವ ದಿನ ಮ್ಯಾನೇಜರಿಗೆ ಫೋನು ಮಾಡಿ ಜ್ವರ ಎಂದೆ. ಹಿಂದಿನ ಸೀಟಿನಲ್ಲಿ ತಮ್ಮನಿಗೆಂದು ಮಾಡಿದ ಸಿಗಡಿ ಚಟ್ನಿಯ ಡಬ್ಬಿ. ಫ್ರೀವೇ ಉದ್ದಕ್ಕೂ ನಾನು ಕಿಟಕಿ ಇಳಿಸಿಕೊಂಡೇ ಓಡಿಸಿದೆ. ಸ್ಯಾನ್ ಡಿಯಾಗೋದಲ್ಲಿ ರಾತ್ರಿ ಉಳಿದು ಮರುದಿನ ಬೆಳಿಗ್ಗೆ ಗಡಿ ದಾಟಿದೆವು. ತಮಾಷೆಯೆಂದರೆ ಕಾರಿನಲ್ಲಿ ಆ ಕಡೆ ಹೋಗುವವರನ್ನು ಯಾರೂ ತಡೆಯುತ್ತಿರಲಿಲ್ಲ. ಕೈ ಬೀಸಿ ಕಳಿಸಿಬಿಟ್ಟರು. ನಾವೇ ಕಾರು ನಿಲ್ಲಿಸಿ, ಆಫೀಸು ಹುಡುಕಿಕೊಂಡು ಹೋಗಿ, ಟೂರಿಸ್ಟ್ ಪರ್ಮಿಟಿಗೆ ಸೀಲು ಹಾಕಿಸಿಕೊಳ್ಳಬೇಕಿತ್ತು.

ಅಲ್ಲಿ ಒಂದು ಫಾರ್ಮು ಕೊಟ್ಟರು. ಬಂದ ಉದ್ದೇಶವೇನು ಎಂಬ ಜಾಗದಲ್ಲಿ ನಾನು ಪ್ಲೆಷರ್ ಎಂದು ಗೀಚಿ ಮುಗಿಸಿದೆ. ಅಕ್ಕನ ಪೆನ್ನು ಅಲ್ಲಿಗೇ ನಿಂತಿತು.

"ಹಾಗೆಂದ್ರೆ ಮೋಜು ಅಲ್ವಾ?"

"ಸುಮ್ನೆ ಬರೀರಿ ಅಕ್ಕ. ಎಲ್ಲಾರೂ ಅದನ್ನೇ ಬರಿಯೋದು. ಟೈಮಾಗ್ತಿದೆ."

"ಅಮ್ಮನ ವರ್ಷ ಕಳೀಲಿಲ್ಲ. ಮೋಜಿಗೆ ಬಂದೆ ಅಂತ ನನ್ನ ಕೈಯಲ್ಲಿ ಬರೀಲಿಕ್ಕೆ ಆಗುದಿಲ್ಲ."

ನನಗೆ ರೇಗಿಹೋಯಿತು. ತಮ್ಮ ಅಲ್ಲಿ ಕಾಯುತ್ತಿದ್ದಾನೆ, ಇವರು ಇಲ್ಲಿ ಒಂದು ಪದಕ್ಕೆ ಹಟ ಹಿಡಿದು ಕೂತಿದ್ದಾರೆ! ಅಕ್ಕ ಆ ಜಾಗವನ್ನು ಖಾಲಿ ಬಿಟ್ಟು ಕೊಟ್ಟರು. ಬೋಳುತಲೆಯ ಅಧಿಕಾರಿ ಅದನ್ನು ಬೆರಳಿಟ್ಟು ತೋರಿಸಿ ಹಿಂದಕ್ಕೆ ತಳ್ಳಿದ. ಅಕ್ಕ ತಲೆ ಅಲ್ಲಾಡಿಸಿದರು. ಅವನು ಫಾರ್ಮನ್ನು ಪಕ್ಕಕ್ಕಿಟ್ಟು ಹಿಂದಿನವರನ್ನು ಕರೆದ. ಒಬ್ಬರಾದ ಮೇಲೆ ಒಬ್ಬರು ಸೀಲು ಹಾಕಿಸಿಕೊಂಡು ಹೋದರು. ಅಕ್ಕ ಗೋಡೆಯ ಗಡಿಯಾರ ನೋಡುವುದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು... ಆದರೂ ಪೆನ್ನು ಮಾತ್ರ ಮುಟ್ಟಲಿಲ್ಲ.

ಸಾಲು ಕರಗಿದ ಮೇಲೆ ಅಧಿಕಾರಿ ನಮ್ಮ ಕಡೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ಹೋದರು. "ಮದರ್ ಡೈಡ್. ಬ್ರದರ್ ಇನ್ ಶಿಪ್. ನಾಟ್ ಪ್ಲೆಷರ್, ಸರ್," ಎಂದರು. ಅವನು ಕನ್ನಡಕ ತೆಗೆದು ಅಕ್ಕನನ್ನು ನೋಡಿದ. ಹಣೆಯನ್ನೂ ಎದೆಯನ್ನೂ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಏನೋ ಗೊಣಗಿದ. ಆಮೇಲೆ ಆ ಖಾಲಿ ಜಾಗದಲ್ಲಿ ತಾನೇ ಸ್ಪ್ಯಾನಿಷಿನಲ್ಲಿ ಬರೆದು ಸೀಲು ಒತ್ತಿದ. ಏನು ಬರೆದಿರೆಂದು ನಾನು ಕೇಳಿದ್ದಕ್ಕೆ "ಫ್ಯಾಮಿಲಿ" ಎಂದ. ಅಕ್ಕ ಅವನಿಗೆ ಕೈಮುಗಿದರು.

ಬಂದರಿನ ಗೇಟಿನ ಹೊರಗೆ ತಮ್ಮ ಬೆಳಗಿನಿಂದ ನಿಂತೇ ಇದ್ದ. ಉಳಿದಿದ್ದ ಹೊತ್ತು ತೀರ ಕಡಿಮೆ. ಇಬ್ಬರೂ ಫುಟ್‌ಪಾತಿನ ಮೇಲೆ ಕುಳಿತರು. ಅಕ್ಕ ಡಬ್ಬಿ ತೆರೆದು, ದಾರಿಯಲ್ಲಿ ಕಟ್ಟಿಸಿಕೊಂಡಿದ್ದ ಅನ್ನಕ್ಕೆ ಚಟ್ನಿ ಕಲಸಿ ಒಂದು ತುತ್ತು ಅವನ ಬಾಯಿಗಿಟ್ಟರು. ಅಷ್ಟು ದೊಡ್ಡ ಗಂಡಸು ಅಕ್ಕನ ಮಡಿಲಿಗೆ ತಲೆಯಿಟ್ಟು ಅತ್ತ. ಅಕ್ಕನೂ ಊರಿನಲ್ಲಿ ಅಳುವ ಹಾಗೆ ಅಮ್ಮನನ್ನು ಕರೆಕರೆದು ಅತ್ತರು. ದಾರಿಹೋಕರು ನಿಂತು ನೋಡಿದರು. ನಾನು ದೂರ ಹೋಗಿ ಕ್ರೇನುಗಳನ್ನು ನೋಡುವವಳಂತೆ ನಿಂತೆ. ನನ್ನ ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ.

ಹಿಂದಿರುಗುವಾಗ ತಡೆಯಲಾರದೆ ಹೇಳಿದೆ, ಆ ಪದ ಬರೆದುಬಿಟ್ಟಿದ್ದರೆ ಇನ್ನಷ್ಟು ಹೊತ್ತು ಸಿಗುತ್ತಿತ್ತಲ್ಲ ಎಂದು.

"ಸಿಗ್ತಿತ್ತು," ಎಂದರು ಅಕ್ಕ. "ಆದ್ರೆ ಹಾಗೆ ಬರ್ದು ಹೋಗಿದ್ರೆ ಅವನೆದುರು ನಂಗೆ ಅಳು ಬರ್ತಿರ್ಲಿಲ್ಲ."

ಮುಂದಿನ ವರ್ಷ ಡಾಟ್‌ಕಾಂ ಭರಾಟೆ ಇಳಿಯಿತು. ಅಕ್ಕನ ಗಂಡನ ಕಂಪನಿ ಮುಚ್ಚಿತು, ಅವರು ಊರಿಗೆ ಹೊರಟುಹೋದರು. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಯುಗಾದಿಗೆ, ದೀಪಾವಳಿಗೆ... ಮತ್ತೆ ಅದೂ ತಪ್ಪಿತು.

ಹೋದ ತಿಂಗಳು ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅಕ್ಕನ ತಮ್ಮ. ಹಡಗಿನ ಕೆಲಸ ಬಿಟ್ಟು ಊರಲ್ಲೇ ಇದ್ದಾನಂತೆ. ಅಕ್ಕ ಹೋದರು ಎಂದ.

"ಅಮ್ಮ ಹೋಗುವಾಗ ನಾನಿರ್ಲಿಲ್ಲ," ಎಂದ. "ಅಕ್ಕ ಹೋಗುವಾಗ ಇದ್ದೆ. ಕೈ ಹಿಡ್ಕೊಂಡೇ ಇದ್ದೆ."

ಅವನಿಗೆ ಆ ಸಮಾಧಾನವಾದರೂ ಇದೆ. ನಮ್ಮ ಆ ಅಪಾರ್ಟ್‌ಮೆಂಟಿನವರೆಲ್ಲ ಯಾವತ್ತೋ ಚದುರಿಹೋದರು. ಅಕ್ಕನನ್ನು ಕಂಡಿದ್ದವರು ಈ ಊರಿನಲ್ಲಿ ಈಗ ನನ್ನನ್ನು ಬಿಟ್ಟರೆ ಒಬ್ಬರೂ ಇಲ್ಲ. ಜೊತೆಗೆ ಕೂತು ಅಳೋಣವೆಂದರೆ ಯಾರ ಮನೆಗೆ ಹೋಗಲಿ?